ಗೋಡೆಯ ಮೇಲೊಂದು ಚೌಕ

1960ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಚೌಕ ಕಾಣುತ್ತಿತ್ತು. ತಗಡಿನ ಅಚ್ಚಿಟ್ಟು ಬಣ್ಣ ಬಳಿದು ಮೂಡಿಸಿದ ಗೆರೆಗಳು, ಗೆರೆಗಳ ನಡುವೆ ತಾರೀಖು, ತಾರೀಖಿನ ಮುಂದೆ ಯಾರಿಗೂ ಓದಲು ಬಾರದ ಒಂದು ಸಹಿ. ಹದಿನೈದು ದಿನಕ್ಕೊಮ್ಮೆ ಹೆಗಲಿಗೆ ಚೀಲ ಏರಿಸಿಕೊಂಡು ಮಲೇರಿಯಾ ನೌಕರ ಬರುತ್ತಿದ್ದ. ಜಗಲಿಯ ಮೇಲೆ ಕೂತು ಅವನು ಕೇಳುತ್ತಿದ್ದದ್ದು ಪ್ರತಿ ಸಲವೂ ಅವೇ ಮೂರು ಪ್ರಶ್ನೆ. ಈಗ ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇ? ಹೋದ ಸಲ ಬಂದುಹೋದ ಮೇಲೆ ಯಾರಿಗಾದರೂ ಬಂದಿತ್ತೇ? ನೆಂಟರು ಯಾರಾದರೂ ಬಂದಿದ್ದಾರೆಯೇ? ಒಳಗಿನಿಂದ ‘ಹೂಂ’ ಎಂಬ ಉತ್ತರ ಬಂದರೆ ಜ್ವರದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಗೆ ಒಂದು ಹನಿ ರಕ್ತ ಸವರಿಕೊಂಡು, ನಾಲ್ಕು ಕ್ಲೋರೋಕ್ವಿನ್ ಗುಳಿಗೆ ಕೊಟ್ಟು, ತನ್ನೆದುರಿಗೇ ನುಂಗಿಸುತ್ತಿದ್ದ. ಗುಳಿಗೆ ವಿಷದಷ್ಟು ಕಹಿ. ಆಮೇಲೆ ಚೌಕದಲ್ಲಿ ಸಹಿ ಹಾಕಿ ಪಕ್ಕದ ಮನೆಗೆ ನಡೆಯುತ್ತಿದ್ದ. ದುಡ್ಡಿನ ಮಾತೇ ಇಲ್ಲ.

ಆ ಸಹಿ ಮನೆಯವರಿಗಾಗಿ ಹಾಕಿದ್ದಲ್ಲ. ಹಿಂದೆಯೇ ಬರುವ ಇನ್ಸ್‌ಪೆಕ್ಟರು ನೋಡಲಿ ಎಂದು ಹಾಕಿದ್ದು. ನೌಕರ ನಿಜವಾಗಿ ಈ ಮನೆಗೆ ಬಂದಿದ್ದನೋ, ಊರ ಮುಂದಿನ ಅರಳಿಕಟ್ಟೆಯ ಮೇಲೆ ಕೂತೇ ಪುಸ್ತಕ ತುಂಬಿಸಿದನೋ ಎಂಬುದಕ್ಕೆ ಗೋಡೆಯೇ ಸಾಕ್ಷಿ. ಆದರೂ ಮನೆಯವರು ಆ ಚೌಕವನ್ನು ತಮ್ಮದೆಂದೇ ತಿಳಿದಿದ್ದರು. ಸರ್ಕಾರದವರು ನಮ್ಮ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬುದಕ್ಕೆ ಹಲವು ಮನೆಗಳಲ್ಲಿ ಇದ್ದ ಗುರುತು ಅದೊಂದೇ.

ಸರ್ಕಾರ ರೋಗವನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬರುವ ಪದ್ಧತಿ ಈ ನೆಲಕ್ಕೆ ಅಷ್ಟೇನೂ ಹೊಸದಲ್ಲ. ಅದಕ್ಕೂ ಮೊದಲು ಒಂದೂವರೆ ಶತಮಾನದಿಂದ ಯಾರಾದರೊಬ್ಬರು ಬರುತ್ತಲೇ ಇದ್ದರು. ಒಮ್ಮೆ ಚಾಕು ಹಿಡಿದು, ಒಮ್ಮೆ ಪೊಲೀಸರನ್ನು ಬೆನ್ನಿಗಿಟ್ಟುಕೊಂಡು, ಮತ್ತೊಮ್ಮೆ ಗಂಜಿಯ ಪಾತ್ರೆ ಹೊತ್ತು. ಬಂದವರ ಕೈಯಲ್ಲಿ ಏನಿದೆ ಎಂದು ನೋಡಿಯೇ ಜನ ಬಾಗಿಲು ತೆರೆದರು, ಇಲ್ಲವೇ ಹಿತ್ತಿಲಿನಿಂದ ಓಡಿದರು.

ಮೊದಲು ಬಂದದ್ದು ದಾಕು, ಎಂದರೆ ಸಿಡುಬಿನ ಲಸಿಕೆ.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಪುಸ್ತಕ ಬರೆದದ್ದು 1798ರಲ್ಲಿ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಹಸುವಿನ ಸಿಡುಬಿನ ಆ ಕೀವು ಮುಂಬಯಿ ತಲುಪಿತ್ತು. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಹಾಕಿದ್ದೇ ಭಾರತದ ಮೊದಲ ದಾಕು. ಮೈಸೂರಿನಲ್ಲಿ ಆಗ ಟಿಪ್ಪು ಮಡಿದು ಹೆಚ್ಚು ಕಾಲವಾಗಿರಲಿಲ್ಲ. ಸಿಂಹಾಸನದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು, ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಗಾರ ಇಲ್ಲಿ ಮೂವರು ಹೆಂಗಸರ ಒಂದು ಚಿತ್ರ ಬರೆದ. ಮೈತುಂಬ ಒಡವೆ ತೊಟ್ಟ ಆ ಮೂವರಲ್ಲಿ ಬಲಗಡೆ ನಿಂತವಳು ಸೆರಗನ್ನು ತುಸು ಸರಿಸಿ ತೋಳಿನ ಕಡೆ ಬೆರಳು ಮಾಡುತ್ತಾಳೆ. ನರ್ತಕಿಯರ ಚಿತ್ರವೆಂದೇ ಬಹುಕಾಲ ನಂಬಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೊಂದು ವಾದ ಮುಂದಿಟ್ಟರು. ಅವರ ಪ್ರಕಾರ ಇವರು ಮೈಸೂರು ಅರಮನೆಯ ಹೆಂಗಸರು. ತೋಳು ತೋರಿಸುತ್ತಿರುವವಳು ದಾಕು ಹಾಕಿಸಿಕೊಂಡ ಕಿರಿಯ ರಾಣಿ. ಎಡಗಡೆಯವಳ ಮೂಗು ಬಾಯಿಯ ಸುತ್ತ ಕಾಣುವ ಮಾಸಲು ಬಣ್ಣ, ಸಿಡುಬಿನ ಹಕ್ಕಳೆಯನ್ನೇ ಮೈಗೆ ಸೇರಿಸುತ್ತಿದ್ದ ಹಳೆಯ ಪದ್ಧತಿಯ ಗುರುತು. ಈ ಓದು ಸರಿಯಾಗಿದ್ದರೆ ಕನ್ನಡ ನಾಡಿನ ಮೊದಲ ಆರೋಗ್ಯ ಜಾಹೀರಾತು ಅರಮನೆಯೊಳಗೇ ತಯಾರಾಯಿತು.

ರಾಣಿ ತೋಳು ತೋರಿಸಿದಳೆಂದು ಊರೆಲ್ಲ ತೋಳು ಒಡ್ಡಲಿಲ್ಲ. ಸಿಡುಬನ್ನು ಹೆಸರು ಹಿಡಿದು ಕರೆಯುವುದೇ ಅಪಚಾರ ಎನ್ನುವ ಕಾಲ ಅದು. ‘ಅಮ್ಮ ಬಂದವ್ಳೆ’ ಎನ್ನಬೇಕು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು, ಒಲೆಯ ಮೇಲೆ ಒಗ್ಗರಣೆಯ ಘಾಟು ಏಳಬಾರದು, ತಂಪು ಎಡೆ ಇಡಬೇಕು, ಅಮ್ಮ ಇಳಿದ ಮೇಲೆ ನೀರು ಹಾಕಬೇಕು. ಮನೆಗೆ ಬಂದಿರುವ ದೇವತೆಯನ್ನು ಚಾಕು ಹಿಡಿದು ತಡೆಯಲು ಬಂದವನು ಎಂಥವನೆಂಬ ಅನುಮಾನ ಜನರಿಗಿತ್ತು. ಅದರ ಜೊತೆಗೆ ದಾಕು ಹಾಕುವ ಕ್ರಮವೂ ಸಂಕಟದ್ದೇ. ಹಸುವಿನ ಕೀವನ್ನು ಸೀಸೆಯಲ್ಲಿ ಕಾಪಾಡಲು ಆಗುತ್ತಿರಲಿಲ್ಲ. ಒಂದು ಮಗುವಿಗೆ ಹಾಕಿ, ಎಂಟು ದಿನಕ್ಕೆ ಗುಳ್ಳೆ ಎದ್ದಾಗ ಅದನ್ನು ಚುಚ್ಚಿ, ಆ ರಸವನ್ನು ಮುಂದಿನ ಮಗುವಿನ ತೋಳಿಗೆ ಸೇರಿಸಬೇಕು. ತೋಳಿಂದ ತೋಳಿಗೆ, ಊರಿಂದ ಊರಿಗೆ. ತನ್ನ ಮಗುವಿನ ಹುಣ್ಣನ್ನು ಕೆದಕಲು ಯಾವ ತಾಯಿ ಒಪ್ಪುತ್ತಾಳೆ? ಯಾವ ಜಾತಿಯ ತೋಳಿಂದ ತಂದ ರಸ ಎಂಬ ಪ್ರಶ್ನೆ ಬೇರೆ. ದಾಕಿನವನು ಊರಿಗೆ ಬಂದನೆಂದರೆ ಮಕ್ಕಳನ್ನು ಕಣಜದಲ್ಲಿ ಬಚ್ಚಿಟ್ಟ ಕಥೆಗಳನ್ನು ಹಳ್ಳಿಯ ಹಿರಿಯರು ತೀರ ಈಚಿನವರೆಗೂ ಹೇಳುತ್ತಿದ್ದರು.

ಕರುವಿನ ಮೈಯಲ್ಲೇ ಲಸಿಕೆಯನ್ನು ಬೆಳೆಸುವ ವಿಧಾನ ಬಂದ ಮೇಲೆ ಆ ಒಂದು ಸಂಕಟ ನೀಗಿತು. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದು ಕ್ರಿಕೆಟ್ಟಿಗೂ ಸಭೆ ಸಮಾರಂಭಕ್ಕೂ ಹೆಸರಾದ ವ್ಯಾಕ್ಸಿನ್ ಡಿಪೋ ಮೈದಾನ ಆ ಕರುಗಳ ಕಾಲದ ನೆನಪು. ಮುಂಬಯಿ ಪ್ರಾಂತ್ಯಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದದ್ದು ಅಲ್ಲಿ. ಮೈಸೂರು ಸಂಸ್ಥಾನದ ಲಸಿಕೆ ಬೆಂಗಳೂರಿನಲ್ಲಿ ಸಿದ್ಧವಾಗುತ್ತಿತ್ತು. ಆ ಕೇಂದ್ರಕ್ಕೆ ಕೆಲಸಕ್ಕೆಂದು ಬಂದ ವೈದ್ಯರಲ್ಲಿ ಒಬ್ಬರು ತಿರುವನಂತಪುರದ ಡಾ. ಪದ್ಮನಾಭನ್ ಪಲ್ಪು. ಮದರಾಸಿನಲ್ಲಿ ವೈದ್ಯ ಪದವಿ ಪಡೆದಿದ್ದರೂ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ನಾರಾಯಣ ಗುರುಗಳ ಜೊತೆ ನಿಂತು ಎಸ್.ಎನ್.ಡಿ.ಪಿ. ಯೋಗಂ ಕಟ್ಟಿದ ಪಲ್ಪು ಇವರೇ. ಅದಕ್ಕೆ ಮುನ್ನ ಅವರು ಬೆಂಗಳೂರಿನಲ್ಲಿ ಇನ್ನೊಂದು ಕೆಲಸಕ್ಕೂ ಇಳಿಯಬೇಕಾಯಿತು. ಊರಿಗೆ ಪ್ಲೇಗು ಬಂದಿತ್ತು.

ಪ್ಲೇಗು ಮುಂಬಯಿಯಲ್ಲಿ ಕಾಣಿಸಿಕೊಂಡದ್ದು 1896ರಲ್ಲಿ. ಹುಬ್ಬಳ್ಳಿ ಧಾರವಾಡ ಹಾದು, ರೈಲು ಹಳಿಯ ಜಾಡು ಹಿಡಿದು, 1898ರ ಆಗಸ್ಟ್ ಹೊತ್ತಿಗೆ ಅದು ಬೆಂಗಳೂರಿನಲ್ಲಿತ್ತು. ಮೊದಲು ಇಲಿ ಬೀಳುತ್ತಿದ್ದವು. ಅಟ್ಟದಿಂದ, ಜಂತೆಯಿಂದ, ಕಣಜದ ಸಂದಿನಿಂದ ತಲೆ ತಿರುಗಿದಂತೆ ಹೊರಬಂದು ನಡುಮನೆಯಲ್ಲೇ ಸಾಯುತ್ತಿದ್ದವು. ಆಮೇಲೆ ಮನುಷ್ಯರಿಗೆ ಚಳಿಜ್ವರ, ಕಂಕುಳಲ್ಲಿ ಅಥವಾ ತೊಡೆಯ ಸಂದಿಯಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ‘ಇಲಿ ಬಿತ್ತು’ ಎಂಬ ಎರಡು ಪದ ಮೈಸೂರು ಸೀಮೆಯಲ್ಲಿ ಊರು ಖಾಲಿ ಮಾಡಿಸಲು ಸಾಕಾಗಿತ್ತು.

ಸರ್ಕಾರ ಆಗ ಮನೆ ಬಾಗಿಲಿಗೆ ಬಂದ ರೀತಿಯೇ ಬೇರೆ. ರೋಗಿಯನ್ನು ಆಸ್ಪತ್ರೆಗೆ, ಉಳಿದ ಮನೆಮಂದಿಯನ್ನು ಊರ ಹೊರಗಿನ ಷೆಡ್ಡಿಗೆ ಸಾಗಿಸುತ್ತಿದ್ದರು. ಮನೆಯೊಳಗೆ ಔಷಧಿ ನೀರು ಸುರಿದು, ಹಾಸಿಗೆ ಬಟ್ಟೆಗೆ ಬೆಂಕಿ ಇಡುತ್ತಿದ್ದರು. ರೈಲಿನಲ್ಲಿ ಬಂದವರಿಗೆ ತಪಾಸಣೆ. ಗಂಡಸರು ಹೆಂಗಸರೆನ್ನದೆ ಕಂಕುಳು ಮುಟ್ಟಿ ನೋಡುವ ವೈದ್ಯರು. ಪ್ಲೇಗಿನ ಕೆಲಸಕ್ಕೆಂದೇ ಸಂಸ್ಥಾನ ಒಬ್ಬ ಕಮಿಷನರನ್ನು ನೇಮಿಸಿತ್ತು. ಮುಂದೆ ದಿವಾನರಾದ ವಿ.ಪಿ. ಮಾಧವರಾವ್ ಆ ಹುದ್ದೆಯಲ್ಲಿದ್ದವರು. ಇದೆಲ್ಲವೂ ಪುಕ್ಕಟೆ ಸೇವೆಯೇ. ಒಂದು ಕಾಸೂ ಕೊಡಬೇಕಿರಲಿಲ್ಲ. ಆದರೆ ಈ ಪುಕ್ಕಟೆ ಸೇವೆ ಬರುತ್ತಿದೆ ಎಂದು ಗೊತ್ತಾದರೆ ಜನ ಹೆಣವನ್ನೇ ಬಚ್ಚಿಡುತ್ತಿದ್ದರು, ರೋಗಿಯನ್ನು ರಾತ್ರೋರಾತ್ರಿ ನೆಂಟರೂರಿಗೆ ಸಾಗಿಸುತ್ತಿದ್ದರು. ಬಚ್ಚಿಟ್ಟಷ್ಟೂ ರೋಗ ಹಬ್ಬಿತು, ಹಬ್ಬಿದಷ್ಟೂ ಬಲವಂತ ಹೆಚ್ಚಿತು. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಈ ಸಿಟ್ಟು ದೊಂಬಿಯಾಗಿಯೇ ಸಿಡಿಯಿತು.

ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಬೇರೊಂದು ನಡೆದಿತ್ತು. ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಕಂಡುಹಿಡಿದು, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಆ ಲಸಿಕೆಯನ್ನು ದೇಶದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಕಣ್ಣೆದುರಿಗೆ ಚುಚ್ಚಿಸಿಕೊಂಡ ನೆರೆಯವನು ಬದುಕಿದ, ಚುಚ್ಚಿಸಿಕೊಳ್ಳದವನು ಸತ್ತ ಎಂಬ ಲೆಕ್ಕ ಓಣಿಯ ಜನಕ್ಕೂ ಗೊತ್ತಾಗುವಂಥದ್ದೇ. ಬರಬರುತ್ತಾ ಸರ್ಕಾರವೂ ಪಟ್ಟು ಸಡಿಲಿಸಿತು. ಹಳ್ಳಿಯವರು ಇಲಿ ಬಿದ್ದ ಸುದ್ದಿ ಕೇಳಿದ ಕೂಡಲೇ ತಾವಾಗಿ ಪಾತ್ರೆ ಪಗಡಿ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದರು. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಅದೇ ಸರಿಯಾದ ಕ್ರಮ. ಇಲಿ ಸತ್ತ ಮನೆಯಲ್ಲಿ ಚಿಗಟವಿರುತ್ತದೆ, ಚಿಗಟವಿದ್ದಲ್ಲಿ ಪ್ಲೇಗಿರುತ್ತದೆ. ಊರು ಬಿಟ್ಟು ಹೊಲ ಸೇರಿದ ಆ ನೆನಪು ಮನೆಮಾತಿನಲ್ಲೂ ಉಳಿಯಿತು, ಸಾಹಿತ್ಯದಲ್ಲೂ ಉಳಿಯಿತು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರವನ್ನು ಅಲುಗಾಡಿಸುವುದು ಇದೇ ಪ್ಲೇಗು.

ಬೆಂಗಳೂರಿನ ನಕ್ಷೆಯಲ್ಲಿ ಪ್ಲೇಗಿನ ಕೈಬರಹ ಇಂದಿಗೂ ಓದಬಹುದು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲೆಂದು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಚುರುಕಾದವು. ನೇರ ಬೀದಿ, ಮನೆಗಳ ನಡುವೆ ಬಯಲು, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ದಂಡುಪ್ರದೇಶದಲ್ಲಿ 1910ರಲ್ಲಿ ನೆಲೆಗೊಂಡ ಫ್ರೇಜರ್ ಟೌನ್ ಅನ್ನು ಇಲಿ ನುಸುಳದ ಮನೆಗಳ ಊರನ್ನಾಗಿಯೇ ಯೋಜಿಸಲಾಗಿತ್ತು; ನೆಲ, ಬುನಾದಿ, ಮಾಡು ಎಲ್ಲಕ್ಕೂ ಇಲಿಯನ್ನು ಎದುರಿಗಿಟ್ಟುಕೊಂಡೇ ನಿಯಮ ಬರೆದರು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲೇ ಮಹಾರಾಣಿ ಕೆಂಪನಂಜಮ್ಮಣ್ಣಿ ಅವರಿಂದ ಅಡಿಗಲ್ಲು ಬಿದ್ದಿತ್ತು. ಪ್ಲೇಗಿನ ವರ್ಷಗಳಲ್ಲೇ ಕಟ್ಟಡ ಎದ್ದು 1900ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಜನ ಕಟ್ಟಿದ್ದು ಇನ್ನೊಂದು. ಪ್ಲೇಗ್ ಮಾರಮ್ಮನ ಗುಡಿಗಳು. ಇಂಗ್ಲಿಷ್ ಹೆಸರಿನ ರೋಗಕ್ಕೆ ಕನ್ನಡದ ಅಮ್ಮ. ರೋಗ ಹೋಗಿ ಎಷ್ಟೋ ಕಾಲವಾದರೂ ಬೆಂಗಳೂರಿನಲ್ಲಿ ಅವಳಿಗೆ ಇನ್ನೂ ಮಂಗಳಾರತಿ ತಪ್ಪಿಲ್ಲ.

ಇಪ್ಪತ್ತು ವರ್ಷ ಕಳೆದು ಬಂದ ಪಿಡುಗಿಗೆ ಗುಡಿ ಕಟ್ಟುವಷ್ಟು ಪುರುಸೊತ್ತೂ ಸಿಗಲಿಲ್ಲ. 1918ರ ಸೆಪ್ಟೆಂಬರಿನಿಂದ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ಆವರಿಸಿತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜೀವಗಳನ್ನು ಅದು ಕೆಲವೇ ತಿಂಗಳಲ್ಲಿ ನುಂಗಿತು. ಒಂದು ಮನೆಯಲ್ಲಿ ಐವರಿದ್ದರೆ ಐವರೂ ಏಕಕಾಲಕ್ಕೆ ಮಲಗುತ್ತಿದ್ದರು. ಸಾವಿಗೆ ರೋಗ ಎಷ್ಟು ಕಾರಣವೋ, ಒಲೆ ಹಚ್ಚುವವರಿಲ್ಲದ್ದೂ ಅಷ್ಟೇ ಕಾರಣ. ಬೆಂಗಳೂರು ಪೌರಸಭೆಯ ಅಧ್ಯಕ್ಷರಾಗಿದ್ದ ಕೆ.ಪಿ. ಪುಟ್ಟಣ್ಣಚೆಟ್ಟಿಯವರ ಮುಂದಾಳ್ತನದಲ್ಲಿ ಪೇಟೆಯನ್ನು ಭಾಗಗಳಾಗಿ ಹಂಚಿಕೊಂಡು ಸ್ವಯಂಸೇವಕರು ಬೀದಿಗಿಳಿದರು. ಅವರ ಕೈಯಲ್ಲಿದ್ದದ್ದು ಥೈಮಾಲ್ ಬೆರೆಸಿದ ಔಷಧಿಯ ಸೀಸೆ ಮತ್ತು ಅಕ್ಕಿಯ ಗಂಜಿ. ಥೈಮಾಲ್ ಎಂದರೆ ಓಮದ ಸತ್ವ. ಅದರಿಂದ ಆದ ಗುಣ ಎಷ್ಟೋ ಹೇಳುವುದು ಕಷ್ಟ. ಗಂಜಿಯ ಗುಣದ ಬಗ್ಗೆ ಸಂಶಯವಿಲ್ಲ. ಮೂರು ದಿನದಿಂದ ಹೊಟ್ಟೆಗೆ ಏನೂ ಬೀಳದೆ ಮಲಗಿದ್ದವರ ತುಟಿಗೆ ಯಾರೋ ಬಿಸಿ ಗಂಜಿ ಹಿಡಿದರು. ಪ್ಲೇಗಿನ ಕಾಲದಲ್ಲಿ ಬಾಗಿಲು ತಟ್ಟಿದ ಸದ್ದಿಗೆ ಹಿತ್ತಿಲಿಗೆ ಓಡಿದ್ದ ಬೀದಿಗಳಲ್ಲೇ ಈ ಸಲ ಜನ ಬಾಗಿಲು ತೆರೆದಿಟ್ಟು ಕಾದರು.

ಎರಡು ಪಿಡುಗು ಕಳೆದ ಮೇಲೂ ಸಂಸ್ಥಾನದ ಆರೋಗ್ಯ ವ್ಯವಸ್ಥೆ ಪಟ್ಟಣ ಬಿಟ್ಟು ಹೊರಗೆ ಹೋದದ್ದು ಅಷ್ಟಕ್ಕಷ್ಟೆ. ತಾಲ್ಲೂಕು ಕೇಂದ್ರದಲ್ಲೊಂದು ಔಷಧಾಲಯ, ಅದರ ಮುಂದೆ ಗಾಡಿ ಕಟ್ಟಿಕೊಂಡು ಬಂದ ರೋಗಿಗಳ ಸಾಲು. ಬರಲಾಗದವರು ಬರಲಿಲ್ಲ. ಇದು ಬದಲಾದದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಸಂಸ್ಥಾನ ಕೈಜೋಡಿಸಿತು, ಡಾ. ಜಾಕಾಕ್ಸ್ ಎಂಬ ಅವರ ತಜ್ಞ ಇಲ್ಲಿಗೆ ಬಂದರು, 1929ರಲ್ಲಿ ಮಂಡ್ಯದಲ್ಲಿ ಒಂದು ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕನ್ನಂಬಾಡಿಯ ನೀರು ನಾಲೆಗೆ ಬರುವ ಕಾಲ. ರಾಗಿಯ ಸೀಮೆ ಕಬ್ಬು ಭತ್ತದ ಸೀಮೆಯಾಗಲು ತಯಾರಾಗುತ್ತಿತ್ತು.

ಘಟಕದ ಲೆಕ್ಕ ಸರಳ. ಒಂದು ಗೊತ್ತಾದ ಪ್ರದೇಶ, ಅಷ್ಟು ಹಳ್ಳಿಗೆ ಒಬ್ಬ ವೈದ್ಯಾಧಿಕಾರಿ, ಅವರ ಕೈಕೆಳಗೆ ಹಳ್ಳಿ ಸುತ್ತುವ ನೈರ್ಮಲ್ಯ ಇನ್ಸ್‌ಪೆಕ್ಟರುಗಳು, ತರಬೇತಾದ ಸೂಲಗಿತ್ತಿಯರು. ಹುಟ್ಟು ಸಾವು ಬರೆದಿಡಬೇಕು, ದಾಕು ಹಾಕಬೇಕು, ಬಸುರಿ ಬಾಣಂತಿಯರನ್ನು ಮನೆಗೇ ಹೋಗಿ ನೋಡಬೇಕು, ಬಾವಿಗೆ ಔಷಧಿ ಹಾಕಬೇಕು. ರೋಗ ಬಂದ ಮೇಲೆ ಔಷಧಿ ಕೊಡುವ ಇಲಾಖೆ ಒಂದು, ರೋಗ ಬಾರದಂತೆ ನೋಡುವ ಇಲಾಖೆ ಇನ್ನೊಂದು ಎಂದಿದ್ದ ಗೋಡೆ ಇಲ್ಲಿ ತೆಳುವಾಯಿತು. ಪ್ರತಿಷ್ಠಾನದ ವಾಡಿಕೆಯೂ ಜಾಣತನದ್ದು. ಮೊದಲು ಖರ್ಚಿನಲ್ಲಿ ದೊಡ್ಡ ಪಾಲು ಕೊಟ್ಟು, ವರ್ಷ ಕಳೆದಂತೆ ಅದನ್ನು ಇಳಿಸುತ್ತಾ, ಕೊನೆಗೆ ಎಲ್ಲವನ್ನೂ ಸರ್ಕಾರದ ಹೆಗಲಿಗೆ ದಾಟಿಸುವುದು. 1930ರ ದಶಕದಲ್ಲಿ ಆಗ ಕ್ಲೋಸ್‌ಪೇಟೆ ಎನಿಸಿಕೊಳ್ಳುತ್ತಿದ್ದ ರಾಮನಗರದಲ್ಲಿ ಇಂಥದ್ದೇ ಘಟಕ ತರಬೇತಿ ಕೇಂದ್ರವಾಗಿಯೂ ಬೆಳೆಯಿತು. 1946ರಲ್ಲಿ ಭೋರ್ ಸಮಿತಿ ಇಡೀ ದೇಶಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸುವ ಹೊತ್ತಿಗೆ ಹಳೆ ಮೈಸೂರಿನವರಿಗೆ ಅದರ ರುಚಿ ಸಿಕ್ಕಿ ವರ್ಷಗಳಾಗಿದ್ದವು.

ಆ ದಿನಗಳ ಒಂದು ವಸ್ತುವನ್ನು ಹತ್ತಿರದಿಂದ ನೋಡಬೇಕು. ಕೊಕ್ಕೆಹುಳು ತಡೆಯಲು ರಾಕ್‌ಫೆಲರ್‌ನವರು ಭಾರತದಲ್ಲಿ ಪ್ರಚಾರ ಮಾಡಿದ ಕೊರೆಗುಂಡಿಯ ಪಾಯಿಖಾನೆ ಅದು. ಬೈರಿಗೆಯಂಥ ದೊಡ್ಡ ಉಪಕರಣವನ್ನು ಇಬ್ಬರು ಮೂವರು ಹಿಡಿದು ತಿರುಗಿಸುತ್ತಾ ಮೊಳದಗಲದ, ಹತ್ತಿಪ್ಪತ್ತು ಅಡಿ ಆಳದ ಗುಂಡಿ ಕೊರೆಯುವುದು. ಮೇಲೆ ತೂತಿರುವ ಒಂದು ಸಿಮೆಂಟು ಹಾಸು, ಸುತ್ತ ತಡಿಕೆ. ಕೊಕ್ಕೆಹುಳುವಿನ ಮರಿ ಹಸಿ ನೆಲದಲ್ಲಿ ಬೆಳೆದು, ಬರಿಗಾಲಿನವರ ಅಂಗಾಲಿನ ಚರ್ಮ ಕೊರೆದು, ಹೊಟ್ಟೆ ಸೇರಿ ರಕ್ತ ಹೀರುತ್ತದೆ. ಗದ್ದೆ ಕೆಲಸದವರು ಬಿಳಿಚಿಕೊಂಡು ಉಬ್ಬಸ ಪಡುತ್ತಿದ್ದದ್ದಕ್ಕೆ ಇದೇ ಮೂಲ. ಔಷಧಿ ಕೊಟ್ಟರೆ ಹುಳು ಬೀಳುತ್ತಿತ್ತು. ಮರುದಿನ ಅದೇ ಬಯಲಿಗೆ ಹೋದರೆ ಮತ್ತೆ ಏರುತ್ತಿತ್ತು. ಹಾಗಾಗಿ ಗುಳಿಗೆಯ ಜೊತೆಗೆ ಗುಂಡಿಯೂ ಬೇಕಾಯಿತು.

ಇದೇ ವರ್ಷಗಳಲ್ಲಿ ಮೈಸೂರು ಇನ್ನೊಂದು ಕೆಲಸ ಮಾಡಿತು. 1930ರ ಜೂನ್ 11ರ ಆದೇಶದಲ್ಲಿ ಸಂಸ್ಥಾನದ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರವೇ ನಡೆಸುವ ಇಂಥ ಕೇಂದ್ರ ಜಗತ್ತಿನಲ್ಲೇ ಮೊದಲಿನದು ಎಂದು ಜನಸಂಖ್ಯೆಯ ಇತಿಹಾಸ ಬರೆದವರು ಇದನ್ನು ಹೆಸರಿಸುತ್ತಾರೆ. ಅಮೆರಿಕದಂಥ ದೇಶದಲ್ಲೂ ಈ ಮಾತೆತ್ತಿದವರು ಆಗ ಕೋರ್ಟು ಹತ್ತಬೇಕಾಗುತ್ತಿತ್ತು.

ಮಲೇರಿಯಾಕ್ಕೆ ಬಂದರೆ ಮೈಸೂರಿನ ಭೂಗೋಳವೇ ಎರಡಾಗಿ ಸೀಳಿತ್ತು. ಮಲೆನಾಡಿನ ತೊರೆಗಳಲ್ಲಿ ಹುಟ್ಟುವ ಸೊಳ್ಳೆ ಬೇರೆ, ಬಯಲುಸೀಮೆಯ ನಾಲೆ ಕೆರೆಗಳಲ್ಲಿ ಹುಟ್ಟುವ ಸೊಳ್ಳೆ ಬೇರೆ. ಅದಕ್ಕೆಂದೇ ಅಧ್ಯಯನ ಕೇಂದ್ರಗಳನ್ನೂ ಹಂಚಿದರು. ಕಾಫಿಯ ಮೂಡಿಗೆರೆಯಲ್ಲೊಂದು, ವಾಣಿವಿಲಾಸ ಸಾಗರದ ನೀರು ಹರಿಯುವ ಹಿರಿಯೂರಿನಲ್ಲೊಂದು, ಶ್ರೀರಂಗಪಟ್ಟಣದ ಬಳಿಯ ನಗೇನಹಳ್ಳಿಯಲ್ಲೊಂದು. ಮಲೆನಾಡಿನ ಗೌಡರ ಮನೆಗೆ ಹೆಣ್ಣು ಕೊಡಲು ಬಯಲಿನವರು ಹಿಂಜರಿಯುತ್ತಿದ್ದರೆಂದರೆ ಚಳಿಜ್ವರದ ಹೆಸರು ಎಷ್ಟು ಕೆಟ್ಟಿತ್ತೆಂದು ತಿಳಿಯುತ್ತದೆ. ಮಂಡ್ಯದ ಕಡೆ ತೊಂದರೆ ಹೊಸದು. ನಾಲೆ ಬಂದಲ್ಲಿ ಬೆಳೆ ಬಂತು, ಬೆಳೆಯ ಹಿಂದೆಯೇ ಸೊಳ್ಳೆ ಬಂತು. ನಿಂತ ನೀರಿಗೆ ಎಣ್ಣೆ ಬಿಡುವುದು, ಪ್ಯಾರಿಸ್ ಗ್ರೀನ್ ಎಂಬ ಹಸಿರು ವಿಷದ ಪುಡಿ ಎರಚುವುದು, ಮರಿಸೊಳ್ಳೆ ತಿನ್ನುವ ಗಂಬೂಸಿಯಾ ಮೀನು ಬಿಡುವುದು ಆಗಿನ ಅಸ್ತ್ರಗಳು. ಎಲ್ಲವೂ ನೀರಿನ ಮೇಲಿನ ಯುದ್ಧ. ಪಟ್ಟಣಕ್ಕೆ, ತೋಟಕ್ಕೆ ಸರಿ. ಹಳ್ಳಿ ಹಳ್ಳಿಯ ಗುಂಡಿ ಹೊಂಡಕ್ಕೆಲ್ಲ ಎಣ್ಣೆ ತರುವುದೆಲ್ಲಿಂದ?

ಯುದ್ಧ ನೀರಿನಿಂದ ಗೋಡೆಗೆ ದಾಟಿದ್ದು ಎರಡನೇ ಮಹಾಯುದ್ಧದ ಕೊನೆಗೆ, ಡಿಡಿಟಿ ಎಂಬ ಕೀಟನಾಶಕ ಬಂದಾಗ. ಮುಂಬಯಿ ಪ್ರಾಂತ್ಯದ ಡಾ. ಡಿ.ಕೆ. ವಿಶ್ವನಾಥನ್ ಇದನ್ನು ಹಳ್ಳಿಗಳಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಲು ಆರಿಸಿಕೊಂಡದ್ದು ಕನ್ನಡದ ಎರಡು ಜಿಲ್ಲೆಗಳನ್ನು, ಧಾರವಾಡ ಮತ್ತು ಉತ್ತರ ಕನ್ನಡ. ಇದರ ಹಿಂದಿನ ಯೋಚನೆ ತುಂಬ ಸುಲಭ. ರಕ್ತ ಕುಡಿದ ಸೊಳ್ಳೆಗೆ ಮೈ ಭಾರವಾಗುತ್ತದೆ, ದೂರ ಹಾರಲಾಗದೆ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಗೋಡೆಗೆ ವಿಷ ಬಳಿದಿದ್ದರೆ ಅಲ್ಲೇ ಸಾಯುತ್ತದೆ. ಸೊಳ್ಳೆ ಎಲ್ಲಿ ಹುಟ್ಟಿತೆಂದು ಹುಡುಕುವ ತಾಪತ್ರಯವಿಲ್ಲ. ಈ ಪ್ರಯೋಗದ ಫಲ ನೋಡಿಯೇ ಮುಂದೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು.

ಡಿಡಿಟಿ ಹೊಡೆಯುವ ದಿನ ಊರಲ್ಲಿ ಹಬ್ಬವೂ ಹೌದು, ರಗಳೆಯೂ ಹೌದು. ಹಿತ್ತಾಳೆಯ ಪಂಪು ಕಾಲಲ್ಲಿ ಒತ್ತಿಹಿಡಿದು ಒಬ್ಬ ಗಾಳಿ ಹೊಡೆಯುತ್ತಾನೆ, ಇನ್ನೊಬ್ಬ ಕೊಳವೆ ಹಿಡಿದು ಒಳಗೆ ನುಗ್ಗುತ್ತಾನೆ. ಅಷ್ಟರಲ್ಲಿ ಮನೆಯವರು ಹಾಸಿಗೆ, ಕಾಳಿನ ಮಡಕೆ, ಉಪ್ಪಿನಕಾಯಿ ಜಾಡಿ, ತೊಟ್ಟಿಲು ಎಲ್ಲವನ್ನೂ ಅಂಗಳಕ್ಕೆ ಸಾಗಿಸಿರಬೇಕು. ದೇವರ ಕೋಣೆಗೆ ಬೇಡ, ಅಡುಗೆಮನೆಗೆ ಬೇಡ ಎಂದು ಅಜ್ಜಿಯರು ಅಡ್ಡ ನಿಲ್ಲುತ್ತಿದ್ದರು. ಮೊದಲ ವರ್ಷಗಳಲ್ಲಿ ಸೊಳ್ಳೆಯ ಜೊತೆ ತಿಗಣೆಯೂ ಸತ್ತದ್ದರಿಂದ ಜನರೇ ಕರೆದು ಹೊಡೆಸಿಕೊಂಡರು. ತಿಗಣೆ ವಿಷಕ್ಕೆ ಒಗ್ಗಿಕೊಂಡಿತು. ಆಗ ಉತ್ಸಾಹವೂ ಇಳಿಯಿತು. ಸಗಣಿ ಸಾರಿಸಿದ ಗೋಡೆಯ ಮೇಲೆ ಬಿಳಿ ಕಲೆ ಯಾರಿಗೆ ಬೇಕು? ಹಬ್ಬ ಬಂದ ಕೂಡಲೇ ಹೆಂಗಸರು ಗೋಡೆಗೆ ಹೊಸದಾಗಿ ಕೆಮ್ಮಣ್ಣು ಬಳಿದುಬಿಡುತ್ತಿದ್ದರು. ವಿಷ ಮಣ್ಣಿನ ಕೆಳಗೆ, ಸೊಳ್ಳೆ ಮಣ್ಣಿನ ಮೇಲೆ.

ಆದರೂ ಅಂಕಿಗಳು ಬೆರಗಿನವು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಾಜು. 1965ರಲ್ಲಿ ದಾಖಲಾದ ರೋಗಿಗಳು ಸುಮಾರು 1 ಲಕ್ಷ. ಗೋಡೆಯ ಚೌಕಕ್ಕೆ ಸಹಿ ಹಾಕುತ್ತಿದ್ದ ನೌಕರ ಈ ಇಳಿತದ ಕೊನೆಯ ಹಂತದವನು. ಉಳಿದ ಜ್ವರವನ್ನು ಒಂದೊಂದಾಗಿ ಹೆಕ್ಕುವುದು ಅವನ ಕೆಲಸ. ಆದರೆ ಗೆದ್ದೆವೆಂದು ಸರ್ಕಾರ ಕೈ ಸಡಿಲಿಸಿತು, ಸೊಳ್ಳೆ ಡಿಡಿಟಿಗೆ ಹೊಂದಿಕೊಂಡಿತು, 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ ದಾಟಿತು.

ಇಷ್ಟು ಹೊತ್ತು ಹೇಳಿದ್ದರಲ್ಲಿ ಸರ್ಕಾರ ಬಂದು ಬಾಗಿಲು ತಟ್ಟಿದ ಕಥೆಯೇ ಹೆಚ್ಚು. ಜನರೇ ಹೋಗಿ ಸರ್ಕಾರದ ಬಾಗಿಲು ತಟ್ಟಿದಾಗ ಏನಾಯಿತೆಂಬುದು ತುಮಕೂರು ಜಿಲ್ಲೆಯಲ್ಲಿ ಗೊತ್ತಾಯಿತು.

ಕ್ಷಯ ಅರಮನೆಯನ್ನೂ ಬಿಟ್ಟ ರೋಗವಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಎದ್ದ ಕ್ಷಯದ ಆಸ್ಪತ್ರೆ ಅದರ ಸಾಕ್ಷಿ. ಆದರೆ ದೇಶದ ಲಕ್ಷಾಂತರ ಕ್ಷಯರೋಗಿಗಳಿಗೆ ಸ್ಯಾನಟೋರಿಯಂ ಹಾಸಿಗೆ ಒದಗಿಸಲು ಯಾವ ಖಜಾನೆಗೂ ಆಗದು. ಬೆಂಗಳೂರಿನಲ್ಲಿ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ಇದಕ್ಕೆ ದಾರಿ ಹುಡುಕುವ ಹೊಣೆ ಬಿತ್ತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಸಂಸ್ಥೆಯ ಸಮಾಜ ವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಒಪ್ಪಿಕೊಳ್ಳುವ ಮೊದಲು ಕೇಳಿ ನೋಡೋಣವೆಂದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆಯಿಂದ ಪತ್ತೆಯಾಗಿದ್ದ ರೋಗಿಗಳ ಮನೆಗೆ ಹೋಗಿ ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬಹುಪಾಲು ರೋಗಿಗಳಿಗೆ ತಮಗೇನೋ ಆಗಿದೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ.

ಆ ಔಷಧಿಯನ್ನು ಕಂಡವರಿಗೆ ಅದರ ಬಣ್ಣವೂ ನೆನಪಿರುತ್ತದೆ. ಸೀಸೆ ಮನೆಯಿಂದಲೇ ತರಬೇಕು. ಕಾಂಪೌಂಡರು ದೊಡ್ಡ ಜಾಡಿಯಿಂದ ಕೆಂಪನೆಯ ಮಿಕ್ಸ್ಚರ್ ಬಗ್ಗಿಸಿ, ಸೀಸೆಯ ಪಕ್ಕಕ್ಕೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಿರಿ ಎನ್ನುತ್ತಿದ್ದ. ಎಂಟು ಹತ್ತು ಮೈಲಿ ನಡೆದು ಬಂದ ಕ್ಷಯರೋಗಿ ಅದನ್ನೇ ಕಣ್ಣಿಗೊತ್ತಿಕೊಂಡು ಹಿಂದಿರುಗುತ್ತಿದ್ದ. ಕಫವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದರೆ ಅಂದೇ ರೋಗ ಹಿಡಿಯಬಹುದಿತ್ತು. ದೊಡ್ಡ ಯಂತ್ರವೂ ಬೇಕಿರಲಿಲ್ಲ. ಅಧ್ಯಯನ ಅಚ್ಚಾಗುವ ಮೊದಲೇ, 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ಬುನಾದಿಯ ಮೇಲೆಯೇ ನಿಂತಿತು. ಕೆಮ್ಮುತ್ತಾ ತಾವಾಗಿ ಬಂದವರ ಕಫ ಪರೀಕ್ಷೆ ಸಾಮಾನ್ಯ ಆಸ್ಪತ್ರೆಯಲ್ಲೇ ಆಗಲಿ, ಗುಳಿಗೆ ಉಚಿತವಾಗಿ ಸಿಗಲಿ, ರೋಗಿ ಮನೆಯಲ್ಲೇ ಇದ್ದು ನುಂಗಲಿ.

ಮನೋರೋಗದ ವಿಷಯದಲ್ಲೂ ಬೆಂಗಳೂರು ಇದೇ ಹಾದಿ ತುಳಿಯಿತು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಮರುವರ್ಷವೇ ಊರಾಚೆಯ ಸಕಲವಾರದಲ್ಲಿ ಸಮುದಾಯ ಘಟಕ ಆರಂಭಿಸಿತು. ಹಳ್ಳಿಯ ಆರೋಗ್ಯ ನೌಕರರಿಗೆ ಮೂರ್ಛೆ, ಚಿತ್ತವಿಕಲತೆ ಗುರುತಿಸಲು ಕಲಿಸಿದರು. 1985ರಿಂದ ಬಳ್ಳಾರಿ ಜಿಲ್ಲೆಯುದ್ದಕ್ಕೂ ಇದನ್ನು ನಡೆಸಿ ನೋಡಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಮೈಮೇಲೆ ದೆವ್ವ ಬಂದಿದೆಯೆಂದು ಸರಪಳಿ ಹಾಕಿ ಕೂರಿಸಿದ್ದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಗುಳಿಗೆ ಸಿಗತೊಡಗಿತು.

ಮಣ್ಣಿನ ಗೋಡೆಗಳು ಸಿಮೆಂಟಾದವು, ಮಲೇರಿಯಾ ಚೌಕಗಳು ಸುಣ್ಣದ ಕೆಳಗೆ ಹೂತುಹೋದವು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಗೋಡೆಗೆ ಮತ್ತೆ ಬರವಣಿಗೆ ಬಂತು. ಈ ಸಲ ಸೀಮೆಸುಣ್ಣದಲ್ಲಿ. ಬರೆಯುವವರು ಅಂಗನವಾಡಿ ಕಾರ್ಯಕರ್ತೆಯರು, ಆಮೇಲೆ ಅವರ ಜೊತೆಗೂಡಿದ ಆಶಾ ಕಾರ್ಯಕರ್ತೆಯರು. ಅದೇ ಊರಿನ ಸೊಸೆಯಂದಿರು. ಯಾವ ಮನೆಯ ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ, ಯಾವ ಮನೆಯವರು ಕಬ್ಬು ಕಡಿಯಲು ವಲಸೆ ಹೋಗಿದ್ದಾರೆ ಎಂದು ಪುಸ್ತಕ ತೆರೆಯದೆ ಹೇಳಬಲ್ಲವರು. ಬೂತಿನಲ್ಲಿ ಹನಿ ಹಾಕಿದ ಮರುದಿನ ಅವರು ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಬೀದಿ ಹಿಡಿಯುತ್ತಾರೆ. ಮಕ್ಕಳ ಎಡಗೈ ಕಿರುಬೆರಳಿನಲ್ಲಿ ಶಾಯಿಯ ಗುರುತು ನೋಡಿ, ಇಲ್ಲದವರಿಗೆ ಎರಡು ಹನಿ ಹಾಕಿ, ಬಾಗಿಲ ಪಕ್ಕ ಬರೆಯುತ್ತಾರೆ. ಎಲ್ಲ ಮಕ್ಕಳಿಗೂ ಆಗಿದ್ದರೆ ‘ಪಿ’. ಒಂದು ಮಗು ಉಳಿದಿದ್ದರೂ, ಬಾಗಿಲಿಗೆ ಬೀಗವಿದ್ದರೂ ‘ಎಕ್ಸ್’. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಕಂಡಿತು, 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂದು ಸಾರಿದ್ದಾಯಿತು. ಸುತ್ತು ಮಾತ್ರ ನಿಂತಿಲ್ಲ. ಮಳೆಗೆ ಹಳೆಯ ಗುರುತು ತೊಳೆದುಹೋಗಿರುತ್ತದೆ, ಹೊಸದಾಗಿ ಬರೆಯಬೇಕು. ‘ಎಕ್ಸ್’ ಬಿದ್ದ ಮನೆಗೆ ಸಂಜೆ ಇನ್ನೊಮ್ಮೆ ಹೋಗಬೇಕು, ಆಗಲೂ ಬೀಗವಿದ್ದರೆ ನಾಳೆ ಮತ್ತೆ.